ಸತ್ತವರ ಜೊತೆ ಹೋದ ಚಂದದ ಮಡಕೆ

ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಉಪ್ಪಿನಕಾಯಿ ಹಾಕೋ ಪಿಂಗಾಣಿ ಜಾಡಿ ನೋಡೇ ಇರ್ತೀರಿ. ಗಾಜಿನ ಹಾಗೆ ಮಿನುಗೋ ಮೈ. ನನಗೆ ಮಡಕೆ-ಕುಡಿಕೆಗಳ ಹುಚ್ಚು ಹತ್ತಿದ್ದೇ ಆ ಜಾಡಿಯಿಂದ. ಇವತ್ತು ಹೇಳ್ತಿರೋದು ಮಾತ್ರ ಸಮಾಧಿಯೊಳಗಿನ ಮಡಕೆಗಳ ಕಥೆ.

ಚೀನಾದಲ್ಲಿ ಟಾಂಗ್ ರಾಜವಂಶದ ಕಾಲದಲ್ಲಿ, ಅಂದರೆ ಕ್ರಿ.ಶ. 618ರಿಂದ 907ರವರೆಗೆ, ಶ್ರೀಮಂತರ ಸಮಾಧಿಗಳಲ್ಲಿ ಮಣ್ಣಿನ ಕುದುರೆ, ಒಂಟೆ, ಸೇವಕರ ಗೊಂಬೆಗಳನ್ನ ಇಡ್ತಿದ್ರು. ಮೇಲೆ ಹಸಿರು, ಕಂದುಹಳದಿ, ಕೆನೆ ಬಣ್ಣದ ಹೊಳಪಿನ ಲೇಪ. ಅದಕ್ಕೆ ‘ಸಾನ್‌ಸಾಯ್’ ಅಂತಾರೆ, ಮೂರು ಬಣ್ಣ ಅಂತ ಅರ್ಥ. 20ನೇ ಶತಮಾನದ ಶುರುವಿನಲ್ಲಿ ಲುವೊಯಾಂಗ್ ಹತ್ತಿರ ರೈಲು ದಾರಿಗೆ ನೆಲ ಅಗೆದಾಗ ಇವು ಹೊರಬಂದವು. ಸಮಾಧಿಯ ಸಾಮಾನು ಅಪಶಕುನ ಅಂತ ಅಲ್ಲಿನವರು ಹಿಂಜರಿದರು. ಯುರೋಪಿನವರು ಚಂದಕ್ಕೆ ಮರುಳಾಗಿ ಕೊಂಡರು. ಯಾವ ಕುದುರೆ ಯಾರ ಸಮಾಧಿಯದು ಅನ್ನೋದು ಎಷ್ಟೋ ಸಲ ಅಳಿಸಿಹೋಯಿತು.

ನಮ್ಮಲ್ಲೂ ಇಂಥದ್ದೇ ಚೆಲುವು ಮಣ್ಣಿನಡಿ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಕರ್ನಾಟಕದ ಬೃಹತ್ ಶಿಲಾ ಸಮಾಧಿಗಳಲ್ಲಿ ಮೂಳೆಗಳ ಜೊತೆ ಕಬ್ಬಿಣದ ಆಯುಧ, ಕಪ್ಪು-ಕೆಂಪು ಮಡಕೆ ಇಡ್ತಿದ್ರು. ಇವಕ್ಕೆ ಗಾಜಿನ ಲೇಪ ಇಲ್ಲ. ಉಜ್ಜಿ ಉಜ್ಜಿ ಹೊಳಪು ತಂದಿದ್ದಾರೆ. ಮಡಕೆಯನ್ನ ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಒಳಮೈ, ಬಾಯಿ ಕಪ್ಪಾಗುತ್ತೆ. ಗಾಳಿ ತಾಗಿದ ಹೊರಮೈ ಕೆಂಪಾಗುತ್ತೆ. ಒಂದೇ ಮಣ್ಣು, ಎರಡು ಬಣ್ಣ!

1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಸಮಾಧಿಗಳನ್ನ ಅಗೆಸಿದರು. ಪಕ್ಕದಲ್ಲೇ ಜನ ಬದುಕಿದ್ದ ಜಾಗವನ್ನೂ ಅಗೆಸಿ, ಮಣ್ಣಿನ ಪದರ ಪದರವನ್ನೂ ಗುರುತಿಸಿದರು. ಸಮಾಧಿಯ ಮಡಕೆಯಂಥದ್ದೇ ಚೂರುಗಳು ಊರಿನ ಪದರದಲ್ಲೂ ಸಿಕ್ಕವು. ಕಲ್ಲಿನ ಕೊಡಲಿಯವರು ಮೊದಲು, ಆಮೇಲೆ ಈ ಸಮಾಧಿ ಕಟ್ಟಿದವರು, ಅವರ ನಂತರ ಶಾತವಾಹನರ ಕಾಲ ಅನ್ನೋ ಕ್ರಮ ಗೊತ್ತಾಗಿದ್ದು ಹಾಗೆ. ಚಂದ ಇದೆ ಅಂತ ಯಾರಾದರೂ ಮೊದಲೇ ಆ ಮಡಕೆಗಳನ್ನ ಎತ್ಕೊಂಡು ಹೋಗಿದ್ದರೆ? ಶೋಕೇಸಿಗೆ ಒಂದು ಒಳ್ಳೇ ಪಾತ್ರೆ ಸಿಗ್ತಿತ್ತು, ಇತಿಹಾಸದ ಒಂದು ಅಧ್ಯಾಯ ಹೋಗ್ತಿತ್ತು.

ಚಂದವನ್ನ ಪ್ರೀತಿಸೋದು ತಪ್ಪಲ್ಲ, ನಾನೂ ಪ್ರೀತಿಸ್ತೀನಿ. ಆದರೆ ಸಮಾಧಿಯ ಮಡಕೆಗೆ ಅದರ ಪಕ್ಕದ ಮೂಳೆ, ಕಬ್ಬಿಣ, ಮಣ್ಣು ಎಲ್ಲ ಸೇರಿದರೇ ಅರ್ಥ. ಹೊಲದಲ್ಲೋ ಗುಡ್ಡದಲ್ಲೋ ಇಂಥದ್ದು ಕಂಡರೆ ಮುಟ್ಟಬೇಡಿ. ಫೋನಿನಲ್ಲಿ ಫೋಟೋ ತೆಗೀರಿ, ಪುರಾತತ್ವ ಇಲಾಖೆಗೆ ತಿಳಿಸಿ. ಎರಡು ಸಾವಿರ ವರ್ಷ ಕಾದಿರೋ ಮಡಕೆ ಇನ್ನೆರಡು ದಿನ ಕಾಯುತ್ತೆ.