ಲಂಡನ್ ಆರ್ಕೆಸ್ಟ್ರಾಗೆ ಮೈಸೂರಿನ ಗ್ಯಾರಂಟಿ

1/7
ಮಡಿವಾಳದಲ್ಲಿ ನಿಂತು ‘ಕಂಡಕ್ಟರ್’ ಅಂತ ಕೂಗಿದ್ರೆ ಟಿಕೆಟ್ ಮಿಷನ್ ಹಿಡಿದವರು ತಿರುಗಿ ನೋಡ್ತಾರೆ. ‘ಆರ್ಕೆಸ್ಟ್ರಾ’ ಅಂದ್ರೆ ನಮಗೆ ಗಣೇಶನ ಪೆಂಡಾಲು, ಎರಡು ದೊಡ್ಡ ಸ್ಪೀಕರ್, ರಾತ್ರಿ ಹತ್ತಾದ್ರೂ ನಿಲ್ಲದ ಶಂಕರ್‌ನಾಗ್ ಹಾಡು. ನಾನು ಹೇಳೋಕೆ ಹೊರಟಿರೋದು ಇನ್ನೊಂದು ಥರದ ಆರ್ಕೆಸ್ಟ್ರಾ, ಇನ್ನೊಂದು ಥರದ ಕಂಡಕ್ಟರ್ ಬಗ್ಗೆ. ಎಂಬತ್ತು ಜನ ವಾದ್ಯಗಾರರು, ಎದುರಿಗೆ ಕೈಯಲ್ಲಿ ಸಣ್ಣ ಕೋಲು ಹಿಡಿದ ಒಬ್ಬ ಮನುಷ್ಯ. ಅವನ ಬಾಯಿಂದ ಒಂದು ಸ್ವರವೂ ಬರಲ್ಲ. ಆದ್ರೆ ಅವನಿಲ್ಲದೆ ಏನೂ ಶುರುವಾಗಲ್ಲ.

ಈ ಕಥೆಗೂ ನೀವು ದಿನಾ ಓಡಾಡೋ ಒಂದು ರಸ್ತೆಗೂ ಸಂಬಂಧ ಇದೆ. ಯಾವ ರಸ್ತೆ ಅಂತ ಕೊನೇಲಿ ಹೇಳ್ತೀನಿ.

2/7
ಮೊದಲು ಒಂದು ಲೆಕ್ಕ. ಬಿಕಾಂ ಓದೋರಿಗೆ ಇದು ಚಟ, ಕ್ಷಮಿಸಿ.

ಬೀಥೋವನ್‌ನ ಹಳೇ ಸಿಂಫನಿ ಆದ್ರೆ ವಾದ್ಯಗಾರರಿಗೆ ಅರ್ಧ ಬಾಯಿಪಾಠ. ಕೇಳೋರಿಗೂ ಗೊತ್ತು, ಟಿಕೆಟ್ ಖರ್ಚಾಗುತ್ತೆ. ಹೊಸ ಕೃತಿ ಅಂದ್ರೆ? ಯಾರೂ ನುಡಿಸಿಲ್ಲ, ಯಾರೂ ಕೇಳಿಲ್ಲ. ರಿಹರ್ಸಲ್ ಜಾಸ್ತಿ, ಅಷ್ಟೂ ಜನರ ಸಂಬಳ ಜಾಸ್ತಿ, ಟಿಕೆಟ್ ಮಾತ್ರ ಕಮ್ಮಿ. ಖರ್ಚು ಮೇಲೆ, ಆದಾಯ ಕೆಳಗೆ. ಹೊಸ ಸಂಗೀತಾನೇ ನುಡಿಸ್ತೀನಿ ಅಂತ ಹಟ ಹಿಡಿಯೋ ಕಂಡಕ್ಟರ್ ಎಷ್ಟೇ ಪ್ರತಿಭಾವಂತ ಆಗಿರಲಿ, ಹಿಂದೆ ನಷ್ಟ ಹೊರೋಕೆ ಒಬ್ಬರು ಬೇಕು. ಚರಿತ್ರೆಯಲ್ಲಿ ಕೋಲು ಹಿಡಿದವನ ಹೆಸರು ಉಳಿಯುತ್ತೆ. ನಷ್ಟ ಹೊತ್ತವರ ಹೆಸರನ್ನ ನಾವು ಹುಡುಕಬೇಕು.

3/7
1945. ಯುದ್ಧ ಮುಗಿದ ಲಂಡನ್. ವಾಲ್ಟರ್ ಲೆಗ್ ಅನ್ನೋ ರೆಕಾರ್ಡಿಂಗ್ ಪ್ರೊಡ್ಯೂಸರ್ ಫಿಲ್‌ಹಾರ್ಮೋನಿಯಾ ಅಂತ ಒಂದು ಆರ್ಕೆಸ್ಟ್ರಾ ಕಟ್ಟಿದ. ಮೊದಲ ಕಛೇರಿ ನಡೆಸಿಕೊಟ್ಟ ಥಾಮಸ್ ಬೀಚಮ್ ಸಂಭಾವನೆ ಅಂತ ತಗೊಂಡದ್ದು ಒಂದೇ ಒಂದು ಸಿಗಾರ್! ಕಂಡಕ್ಟರ್ ಸಿಗಾರ್‌ಗೆ ಒಪ್ಪಬಹುದು. ಎಂಬತ್ತು ಜನ ಒಪ್ತಾರಾ?

ಇತ್ತ ಮೈಸೂರಲ್ಲಿ ಒಬ್ಬ ಹುಡುಗ. ಹುಟ್ಟಿದ್ದು 1919ರಲ್ಲಿ. ಅವನ ಕನಸು ಪಿಯಾನೋ ವಾದಕ ಆಗೋದು. ಆದ್ರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡ್ರು. ಇಪ್ಪತ್ತೊಂದನೇ ವಯಸ್ಸಿಗೆ ಪಿಯಾನೋ ಮುಂದಿಂದ ಎದ್ದು ಸಿಂಹಾಸನದ ಮೇಲೆ ಕೂರಬೇಕಾಯ್ತು. ಹೌದು, ಜಯಚಾಮರಾಜೇಂದ್ರ ಒಡೆಯರ್.

ನಮ್ಮ ವಯಸ್ಸು ಅದು. ಒಂದ್ ನಿಮಿಷ ಯೋಚಿಸಿ.

4/7
ಪಿಯಾನೋ ಕನಸು ಹೋಯ್ತು, ಕಿವಿ ಹೋಗಲಿಲ್ಲ. 1945ರಲ್ಲೇ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದರು. ಅರಮನೆಯಲ್ಲಿ ಅಂದಾಜು 20 ಸಾವಿರ ರೆಕಾರ್ಡುಗಳು. ಅವರಿಗೆ ತುಂಬಾ ಇಷ್ಟವಾದವರು ನಿಕೊಲಾಯ್ ಮೆಟ್ನರ್. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ರಚನಕಾರ, ವಯಸ್ಸಾಗಿತ್ತು, ಆರೋಗ್ಯ ಸರಿ ಇರಲಿಲ್ಲ, ಜನ ಹೆಚ್ಚುಕಮ್ಮಿ ಮರೆತೇಬಿಟ್ಟಿದ್ದರು. ಮಹಾರಾಜರ ದುಡ್ಡಿನಿಂದ ಮೆಟ್ನರ್ ಕೃತಿಗಳ ರೆಕಾರ್ಡಿಂಗ್ ಆಯ್ತು. ಅರವತ್ತೇಳರ ಆ ಮುದುಕ ತಾನೇ ಪಿಯಾನೋ ನುಡಿಸಿದ, ಜೊತೆಗೆ ಫಿಲ್‌ಹಾರ್ಮೋನಿಯಾ. ಎರಡು ಮತ್ತು ಮೂರನೇ ಕನ್ಸರ್ಟೋಗಳಿಗೆ ಕಂಡಕ್ಟರ್ ಇಸಾಯ್ ದೊಬ್ರೊವೆನ್. ಮೂರನೇ ಕನ್ಸರ್ಟೋವನ್ನ ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದ. ಸತ್ತಿದ್ದು 1951ರಲ್ಲಿ. ಇನ್ನು ನಾಲ್ಕೈದು ವರ್ಷ ತಡ ಆಗಿದ್ರೆ ಅವನ ಕೈಯ ನುಡಿಸಾಣಿಕೆ ನಮಗೆ ಸಿಗ್ತಾನೇ ಇರಲಿಲ್ಲ.

ಲೆಗ್ ಮೈಸೂರಿಗೇ ಬಂದ. ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡೋಕೆ ಮಹಾರಾಜರು ಒಪ್ಪಿದ್ರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಆ ಕಾಲದಲ್ಲೇ ಹರ್ಬರ್ಟ್ ಫಾನ್ ಕರಾಯನ್ ಈ ಆರ್ಕೆಸ್ಟ್ರಾ ಜೊತೆ 1949ರಲ್ಲಿ ರೂಸೆಲ್‌ನ ನಾಲ್ಕನೇ ಸಿಂಫನಿ, ಬಾರ್ಟೋಕ್ ಕೃತಿ ಎಲ್ಲ ರೆಕಾರ್ಡ್ ಮಾಡಿದ್ದು. ಆಗಿನ್ನೂ ಹದಿನೈದು ವರ್ಷವೂ ಹಳತಾಗದ ಸಂಗೀತ. ಇದನ್ನೂ ಮುಚ್ಚಿಡಲ್ಲ: ಕರಾಯನ್ ನಾಜಿ ಪಕ್ಷದ ಸದಸ್ಯನಾಗಿದ್ದವನು. ಅದೇ ಕಾರಣಕ್ಕೆ ಯುದ್ಧ ಮುಗಿದ ಮೇಲೆ ಕೆಲಕಾಲ ಕಛೇರಿ ನಡೆಸೋಕೆ ಬಿಟ್ಟಿರಲಿಲ್ಲ. ಅವನು ಮತ್ತೆ ಮೇಲೆದ್ದಿದ್ದರಲ್ಲಿ ಲಂಡನ್ನಿನ ಈ ಆರ್ಕೆಸ್ಟ್ರಾ ಪಾಲು ದೊಡ್ಡದು.

5/7
ಈಗ ಮುಖ್ಯ ರಾತ್ರಿ. 22 ಮೇ 1950, ರಾಯಲ್ ಆಲ್ಬರ್ಟ್ ಹಾಲ್.

ರಿಚರ್ಡ್ ಸ್ಟ್ರಾಸ್ ಹಿಂದಿನ ಸೆಪ್ಟೆಂಬರಲ್ಲಿ ತೀರಿಕೊಂಡಿದ್ದ. ಸಾಯೋ ಮುಂಚೆ, 1948ರಲ್ಲಿ, ನಾಲ್ಕು ಹಾಡು ಬರೆದಿಟ್ಟಿದ್ದ. ಮೂರಕ್ಕೆ ಸಾಹಿತ್ಯ ಹರ್ಮನ್ ಹೆಸ್ಸೆಯದು, ‘ಸಿದ್ಧಾರ್ಥ’ ಬರೆದ ಅದೇ ಹೆಸ್ಸೆ. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಬೇಕು, ಒಳ್ಳೇ ಕಂಡಕ್ಟರ್, ಒಳ್ಳೇ ಆರ್ಕೆಸ್ಟ್ರಾ ಇರಬೇಕು ಅನ್ನೋದು ಸ್ಟ್ರಾಸ್ ಆಸೆ. ಫ್ಲಾಗ್‌ಸ್ಟಾಡ್ ಹಾಡಿದಳು. ಕಂಡಕ್ಟರ್ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ. ಗ್ಯಾರಂಟಿ ಮೈಸೂರು: 4,800 ಡಾಲರ್.

ಗ್ಯಾರಂಟಿ ಅಂದ್ರೆ ಎಲೆಕ್ಷನ್ ಗ್ಯಾರಂಟಿ ಅಲ್ಲ ಕಣ್ರೋ. ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಬರುತ್ತಲ್ಲ, ಕಂಟಿಂಜೆಂಟ್ ಲಯಬಿಲಿಟಿ, ಅದು. ‘ನಷ್ಟ ಆದ್ರೆ ನಾನಿದ್ದೀನಿ, ನೀವು ನುಡಿಸಿ’ ಅನ್ನೋ ಮಾತು. ಆಗ ಡಾಲರ್‌ಗೆ 4.76 ರೂಪಾಯಿ, ಅಂದ್ರೆ ಸುಮಾರು 22,850 ರೂಪಾಯಿ. ಮಹಾರಾಜರಿಗೆ ಹೋಗೋಕೆ ಆಗಲಿಲ್ಲ. ಕಛೇರಿ ರೆಕಾರ್ಡ್ ಆಗಿ ಹಡಗಲ್ಲಿ ಮೈಸೂರಿಗೆ ಬರಲಿ ಅನ್ನೋದಷ್ಟೇ ಅವರು ಕೇಳಿದ್ದು. ಇವತ್ತು ಇಡೀ ಜಗತ್ತು ಹಾಡೋ ಆ ನಾಲ್ಕು ಹಾಡಿನ ಮೊದಲ ರಾತ್ರಿಗೆ ಭರವಸೆ ಕೊಟ್ಟಿದ್ದು ನಮ್ಮ ಊರಿನ ಮೂವತ್ತು ವರ್ಷದ ಒಬ್ಬ ಮನುಷ್ಯ.

6/7
‘ವಾವ್’ ಅಂತ ಬರೆಯೋಕೆ ಮುಂಚೆ ಇದನ್ನೂ ಓದಿ.

ಆಗ ಒಂದು ಪೌಂಡ್‌ಗೆ 13.33 ರೂಪಾಯಿ. ವರ್ಷಕ್ಕೆ 10,000 ಪೌಂಡ್ ಅಂದ್ರೆ 1,33,000 ರೂಪಾಯಿ ಮೇಲೆ. ಆಮೇಲೆ ಮೈಸೂರು ಅರಸರಿಗೆ ಗೊತ್ತಾದ ರಾಜಧನ ವರ್ಷಕ್ಕೆ 26 ಲಕ್ಷ. ಅದಕ್ಕೆ ಹೋಲಿಸಿದ್ರೆ ಸುಮಾರು ಶೇ 5. 1947ರ ಸೆಪ್ಟೆಂಬರಲ್ಲಿ ಜನ ಜವಾಬ್ದಾರಿ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ಮಾಡಿ ಜೈಲಿಗೆ ಹೋಗಿದ್ದರು. ಅಕ್ಟೋಬರಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದ್ರು. ಅಂಥ ಹೊತ್ತಲ್ಲಿ ಇಲ್ಲಿನ ಹೊಲದಿಂದ ಬಂದ ದುಡ್ಡು ಲಂಡನ್ ಪಿಟೀಲಿಗೆ ಹೋಗಬೇಕಿತ್ತಾ?

ನಾನು ಇದನ್ನ ಎರಡು ಕಾಲಮ್ ಮಾಡಿ ಬರೆದೆ. ಎಡಗಡೆ ಈ ಪ್ರಶ್ನೆ. ಬಲಗಡೆ ಮೆಟ್ನರ್ ಕೈ, ಆ ನಾಲ್ಕು ಹಾಡು, ಜೊತೆಗೆ ಅವರೇ ರಚಿಸಿದ 94 ಕರ್ನಾಟಕ ಸಂಗೀತದ ಕೃತಿಗಳು. ಪಿಯಾನೋ ಪ್ರೀತಿಸಿದವರು ವೀಣೆ ಬಿಡಲಿಲ್ಲ. ಎರಡೂ ಕಡೆ ಟ್ಯಾಲಿ ಆಗಲಿಲ್ಲ. ಟ್ಯಾಲಿ ಮಾಡೋಕೆ ಸಸ್ಪೆನ್ಸ್ ಅಕೌಂಟ್ ತೆರೆದು ಮೋಸ ಮಾಡಲ್ಲ. ಹಾಗೇ ಬಿಡ್ತೀನಿ.

7/7
ನಮ್ಮಣ್ಣ ಗಣೇಶ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಾನೆ. ಅವನದೇ ಎರಡು ಟ್ಯೂನ್ ಇದೆ, ಮನೇಲಿ ಹೆಡ್‌ಫೋನ್ ಹಾಕ್ಕೊಂಡು ನುಡಿಸ್ಕೋತಾನೆ. ಹೋದ ವರ್ಷ ಸ್ಟೇಜಲ್ಲಿ ನುಡಿಸ್ಲಾ ಅಂತ ಕೇಳಿದ್ದಕ್ಕೆ ‘ಗೊತ್ತಿರೋದು ಹಾಕಪ್ಪ, ಜನ ಎದ್ದೋಗ್ತಾರೆ’ ಅಂದ್ರಂತೆ. ಅವರದ್ದೂ ತಪ್ಪಲ್ಲ, ಮನೆಮನೆ ತಿರುಗಿ ಎತ್ತಿದ ಚಂದಾ ಅದು.

ಆವತ್ತು ಅಣ್ಣ ಬೇಜಾರು ಮಾಡ್ಕೊಂಡಾಗ ‘ಅವರು ಹೇಳಿದ್ದು ಸರಿ ಅಲ್ವಾ’ ಅಂತ ಅವನ ಮುಖಕ್ಕೇ ಅಂದವಳು ನಾನು. ಈ ಕಥೆ ಓದಿದ ಮೇಲೆ ಆ ಮಾತು ಚುಚ್ತಾ ಇದೆ. ಹೊಸದಕ್ಕೆ ಮಹಾರಾಜರು ಈಗ ಇಲ್ಲ. ಆ ಗ್ಯಾರಂಟಿ ಈಗ ನಾವೇ: ಗೊತ್ತಿಲ್ಲದ್ದನ್ನ ಐದು ನಿಮಿಷ ಎದ್ದೋಗದೆ ಕೇಳೋ ಜನ. ನಿನ್ನೆ ರಾತ್ರಿ ಅಣ್ಣನ ಹೆಡ್‌ಫೋನ್ ಕಿತ್ಕೊಂಡು ಎರಡೂ ಟ್ಯೂನ್ ಕೇಳಿದೆ. ಎರಡನೆಯದು ಚೆನ್ನಾಗಿದೆ.

ಆ ರಸ್ತೆ? ಟೌನ್‌ಹಾಲ್ ಹತ್ರ, ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ ಸಾಲು, ರವೀಂದ್ರ ಕಲಾಕ್ಷೇತ್ರ ಇರೋದು. ಜೆ.ಸಿ. ರೋಡ್. ಜಯಚಾಮರಾಜೇಂದ್ರ ರಸ್ತೆ. ಮುಂದಿನ ಸಲ ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೆ ಫ್ಲಾಗ್‌ಸ್ಟಾಡ್ ಹಾಡಿದ ಆ ಹಳೇ ರೆಕಾರ್ಡಿಂಗ್ ಹಾಕಿ. ಬರೀ ಗೊರಗೊರ, ಧ್ವನಿ ದೂರದಿಂದ ಬರುತ್ತೆ. ಆದ್ರೂ ಪೂರ್ತಿ ಕೇಳಿ. ಅದು ಮೈಸೂರಿಗೆ ಬರಲಿ ಅಂತಾನೇ ರೆಕಾರ್ಡ್ ಆಗಿದ್ದು.

#ಜೆಸಿರೋಡ್ #ಮೈಸೂರು #ಮಡಿವಾಳ #ಚರಿತ್ರೆಕಥೆ