ಅರ್ಕಾವೊತ್ತು, ಅರ್ಧಾಕ್ಷರ, ಕಾಣದ ಸಂಕೇತ: ಕನ್ನಡ ಗಣಕಬರಹದ ಕೆಲವು ಕಿರಿಕಿರಿಗಳ ಚರಿತ್ರೆ

ಗಣಕದಲ್ಲಿ ಕನ್ನಡ ಬರೆಯುವವರು ನಾಲ್ವರು ಸೇರಿದಲ್ಲಿ ಕೆಲವು ದೂರುಗಳು ತಪ್ಪದೆ ಕೇಳಿಬರುತ್ತವೆ. 'ರ‍್ಯಾಂಕ್' ಎಂದು ಬರೆಯಹೊರಟರೆ ಕರೆಯದ ಅರ್ಕಾವೊತ್ತು ಬಂದು ಕೂರುತ್ತದೆ. 'ಬಸ್‌ನಲ್ಲಿ' ಎಂದು ಒತ್ತಿದರೆ ನಕಾರವು ಸಕಾರದ ಕಾಲಡಿಗೆ ಇಳಿಯುತ್ತದೆ. ಕಣ್ಣೆದುರಿಗಿರುವ ಪದವನ್ನೇ ಹುಡುಕಿದರೆ ಅದು ಇಲ್ಲವೆಂಬ ಉತ್ತರ ಸಿಗುತ್ತದೆ. ಹಳೆಯ ಕಡತವನ್ನು ಹೊಸ ಸಂಕೇತಕ್ಕೆ ಮಾರ್ಪಡಿಸಿದರೆ 'ಕರ್ನಾಟಕ'ವು 'ಕನಾರ್ಟಕ'ವಾಗಿ ನಿಲ್ಲುತ್ತದೆ. ಇಂತಹ ಮಾತುಕತೆಗಳಲ್ಲಿ ತಪ್ಪನ್ನು ಯಂತ್ರದ ಮೇಲೆಯೋ ತಂತ್ರಾಂಶ ರಚಿಸಿದವರ ಮೇಲೆಯೋ ಹೊರಿಸುವುದು ವಾಡಿಕೆ. ಭಾಷಾವಿಜ್ಞಾನಿಗಳಾದರೋ ಇವನ್ನು ಬೆರಳಚ್ಚಿನ ಸಣ್ಣ ತೊಡಕುಗಳೆಂದು ಬದಿಗಿರಿಸುತ್ತ ಬಂದಿದ್ದಾರೆ. ಈ ಎರಡು ನಿಲುವುಗಳೂ ವಿಷಯದ ಹೊರಗೇ ನಿಲ್ಲುತ್ತವೆಂದು ನಾವು ಭಾವಿಸುತ್ತೇವೆ. ಕನ್ನಡದ ಬರಹವ್ಯವಸ್ಥೆಯ ವಿಶ್ಲೇಷಣೆ ಎಲ್ಲೆಲ್ಲಿ ತೀರ್ಮಾನವಾಗದೆ ಉಳಿದಿತ್ತೋ ಅಲ್ಲಲ್ಲಿಯೇ ಈ ಜಗಳಗಳು ಹುಟ್ಟಿವೆ. ಅಚ್ಚುಮೊಳೆ ಮತ್ತು ಬೆರಳಚ್ಚು ಯಂತ್ರಗಳು ಆ ತೀರ್ಮಾನವನ್ನು ಮುಂದೂಡಲು ಅವಕಾಶ ಕೊಟ್ಟಿದ್ದವು. ಗಣಕಸಂಕೇತ ಅದನ್ನು ಕೂಡಲೇ ಕೇಳಿತು. ಉತ್ತರವನ್ನು ಕೊಟ್ಟದ್ದು ಬಹುಮಟ್ಟಿಗೆ ದೇವನಾಗರಿಯ ಚೌಕಟ್ಟು.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದಾಗಿನಿಂದ ಸುಮಾರು ಒಂದೂಮುಕ್ಕಾಲು ಶತಮಾನ ಕನ್ನಡ ಮುದ್ರಣವು ಆಕಾರಗಳ ಜೋಡಣೆಯಾಗಿತ್ತು. ಮೊಳೆ ಜೋಡಿಸುವವನಿಗೆ ಅಕ್ಷರದ ಉಚ್ಚಾರಣೆ ಬೇಕಿರಲಿಲ್ಲ. ತಲೆಕಟ್ಟು, ಒತ್ತು, ದೀರ್ಘ, ಕೊಂಬು ಇವು ಯಾವ ಖಾನೆಯಲ್ಲಿವೆ ಎಂಬುದು ತಿಳಿದಿದ್ದರೆ ಸಾಕಿತ್ತು. ಕೆ. ಅನಂತಸುಬ್ಬರಾಯರು ರೂಪಿಸಿದ ಬೆರಳಚ್ಚು ಯಂತ್ರದ ಕೀಲಿಮಣೆಯೂ ಇದೇ ತತ್ತ್ವದ್ದು. 'ಧರ್ಮ' ಎಂದು ಬರೆಯುವಾಗ ಧ, ಮ, ಆಮೇಲೆ ಅರ್ಕಾವೊತ್ತು. ಕಣ್ಣು ಓದುವ ಸಾಲಿನಲ್ಲಿಯೇ ಕೈ ಚಲಿಸುತ್ತಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆ ಈ ಕ್ರಮವನ್ನು ತಲೆಕೆಳಗು ಮಾಡಿತು. ಬರೆಯುವವರು ಉಚ್ಚರಿಸುವ ಕ್ರಮದಲ್ಲಿ ಒತ್ತಿದರೆ ಆಕಾರವನ್ನು ಯಂತ್ರವೇ ಕಂಡುಕೊಳ್ಳುತ್ತಿತ್ತು. ಆದರೆ 1990ರ ದಶಕದ ಮತ್ತು ಅದರ ಆಚೀಚಿನ ಜನಪ್ರಿಯ ತಂತ್ರಾಂಶಗಳಲ್ಲಿ, ಬರಹ ಮತ್ತು ನುಡಿಗಳ ಆರಂಭದ ಆವೃತ್ತಿಗಳೂ ಸೇರಿದಂತೆ, ಒಂದು ದ್ವಂದ್ವ ಉಳಿಯಿತು. ಬೆರಳಿಗೆ ಉಚ್ಚಾರಕ್ರಮ, ಕಡತಕ್ಕೆ ಆಕಾರಕ್ರಮ. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರದ ತುಣುಕುಗಳನ್ನು ಇರಿಸಿದ ಆ ಫಾಂಟುಗಳಲ್ಲಿ ಸಂಗ್ರಹವಾಗುತ್ತಿದ್ದುದು ಮೊಳೆಪೆಟ್ಟಿಗೆಯ ಪ್ರತಿಬಿಂಬವೇ. 'ಕನಾರ್ಟಕ'ದ ಮೂಲ ಇಲ್ಲಿದೆ. ಕ, ನಾ, ಅರ್ಕಾವೊತ್ತು, ಟ, ಕ ಎಂದು ಕೂಡಿಟ್ಟ ಸಾಲನ್ನು ಉಚ್ಚಾರಕ್ರಮವೆಂದು ತಿಳಿದು ಓದಿದರೆ ರೇಫವು ಹಿಂದಿನ ನಕಾರವನ್ನು ಬಿಟ್ಟು ಮುಂದಿನ ಟಕಾರಕ್ಕೆ ಅಂಟಿಕೊಳ್ಳುತ್ತದೆ. ಓದಲು ಕಲಿಯುತ್ತಿರುವ ಮಗು 'ಧರ್ಮ'ವನ್ನು 'ಧಮರ್' ಎಂದು ಓದುವುದಕ್ಕೂ ಇದಕ್ಕೂ ಕಾರಣ ಒಂದೇ.

ಉಚ್ಚಾರಕ್ರಮವನ್ನು ಕಡತದೊಳಗೂ ತಂದದ್ದು ಇಸ್ಕಿ ಎಂದು ಕರೆಯಲಾಗುವ ಭಾರತೀಯ ಸಂಕೇತ ವ್ಯವಸ್ಥೆ. ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳೆಲ್ಲ ವರ್ಣಮಾಲೆಯ ಮಟ್ಟಿಗೆ ಒಂದೇ, ಭೇದವಿರುವುದು ಆಕಾರದಲ್ಲಿ ಮಾತ್ರ ಎಂಬುದು ಅದರ ಆಧಾರತತ್ತ್ವ. ಒಂದೇ ಕೋಷ್ಟಕ, ಹಲವು ಲಿಪಿ. ಅದರ 1988ರ ರೂಪವನ್ನು ಆಧರಿಸಿ 1991ರಲ್ಲಿ ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ಕೋಷ್ಟಕಗಳನ್ನು ಪ್ರಕಟಿಸಿತು; ಅದೇ ವರ್ಷ ಇಸ್ಕಿಯ ಪರಿಷ್ಕೃತ ರೂಪ ಭಾರತೀಯ ಮಾನಕವಾಯಿತು. ಯೂನಿಕೋಡಿನಲ್ಲಿ ಪ್ರತಿ ಲಿಪಿಗೂ 128 ಸ್ಥಾನಗಳ ಪ್ರತ್ಯೇಕ ಕೋಷ್ಟಕ ದೊರೆತರೂ ಒಳಗಿನ ಆಸನವ್ಯವಸ್ಥೆ ದೇವನಾಗರಿಯದೇ. ದೇವನಾಗರಿಯ ಕಕಾರ ಎಷ್ಟನೆಯ ಸ್ಥಾನದಲ್ಲಿದೆಯೋ ಕನ್ನಡದ ಕಕಾರವೂ ಅಷ್ಟನೆಯದರಲ್ಲಿ. ತತ್ತ್ವವಾಗಿ ಇದು ಸೊಗಸಾದುದು. ಅದರ ಬೆಲೆ ಎಷ್ಟೆಂಬುದು ೞಕಾರದ ಕಥೆಯಲ್ಲಿ ಕಾಣುತ್ತದೆ.

ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ವಿವೇಚನೆಗೆ ಎಷ್ಟು ಶ್ರಮ ವಹಿಸಿದ್ದಾನೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಆಡುನುಡಿಯಲ್ಲಿ ಮರೆಯಾಗುತ್ತಿದ್ದ ಧ್ವನಿಯೊಂದನ್ನು ಪದಪಟ್ಟಿಯ ಮೂಲಕ ಹಿಡಿದಿಡುವ ಪ್ರಯತ್ನವದು. ಆ ೞಕಾರ ಯೂನಿಕೋಡಿನ ಕನ್ನಡ ಕೋಷ್ಟಕದಲ್ಲಿ ಸೇರಿದೆ. ಆದರೆ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ', ಎಂದರೆ 'ಫ಼'. ಅಕ್ಷರವಿರುವ ಸ್ಥಾನವೇ ಕಾರಣವನ್ನು ಸೂಚಿಸುತ್ತದೆ: ದೇವನಾಗರಿಯ ಕೋಷ್ಟಕದಲ್ಲಿ ಅದೇ ಆಸನ ನುಕ್ತಾ ಇರುವ ಫಕಾರದ್ದು. ತಮಿಳು, ಮಲಯಾಳಗಳ ಸಮಾನ ಅಕ್ಷರಗಳು ಕುಳಿತಿರುವುದು ಳಕಾರದ ಪಕ್ಕದಲ್ಲಿ. ತೆಲುಗಿನ ಅಕ್ಷರಕ್ಕೂ 2014ರಲ್ಲಿ ಅಲ್ಲಿಯೇ ಜಾಗ ದೊರೆಯಿತು. ಕನ್ನಡದ ಕೋಷ್ಟಕದಲ್ಲಿ ಆ ಆಸನ ಇಂದಿಗೂ ಖಾಲಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪನ್ನು ಒಪ್ಪಿ ತಿದ್ದುಪಡಿಯ ಉಪನಾಮವೊಂದನ್ನು ಸೇರಿಸಲಾಯಿತೇ ಹೊರತು ಹೆಸರು ಹೋಗಲಿಲ್ಲ. ಆಂಗ್ಲ, ಪಾರಸಿ ಪದಗಳಿಗೆ ಬೇಕಾದ ನಿಜವಾದ ಫ಼ಕಾರಕ್ಕಾದರೋ ಕೆಳಚುಕ್ಕಿಯ ಸಂಕೇತ 2003ರಲ್ಲಿ ಬೇರೆಯಾಗಿಯೇ ಸೇರಿತು. ಕೇಶಿರಾಜನ ೞಕಾರ ಮಾತ್ರ ಕಾಗದಪತ್ರಗಳಲ್ಲಿ ಶಾಶ್ವತವಾಗಿ ಫ಼ಕಾರವಾಗಿ ಉಳಿಯಿತು.

ಇದನ್ನು ಕುತೂಹಲದ ಸಂಗತಿಯೆಂದು ಬಿಡಬಹುದು. ಳಕಾರದ ವಿಷಯ ಹಾಗಲ್ಲ. ನಮ್ಮ ವರ್ಣಮಾಲೆಯೂ ನಿಘಂಟುಗಳೂ ಹಕಾರದ ನಂತರ ಳಕಾರದಲ್ಲಿ ಮುಗಿಯುತ್ತವೆ. ಕೋಷ್ಟಕದಲ್ಲಿ ಳಕಾರವಿರುವುದು ಲಕಾರದ ಬೆನ್ನಿಗೆ, ವಕಾರಕ್ಕೂ ಮೊದಲು. ಸಂಕೇತಗಳ ಸಂಖ್ಯಾಕ್ರಮವನ್ನೇ ಅಕಾರಾದಿಯೆಂದು ನಂಬುವ ಯಾವುದೇ ಸರಳ ತಂತ್ರಾಂಶವು 'ಬಳೆ'ಯನ್ನು 'ಬಹಳ'ಕ್ಕಿಂತ ಮೊದಲು ಇರಿಸುತ್ತದೆ. ಮತದಾರರ ಪಟ್ಟಿಯಿಂದ ಪುಸ್ತಕದ ಅನುಕ್ರಮಣಿಕೆಯವರೆಗೆ ಇದರ ಗುರುತುಗಳನ್ನು ಯಾರು ಬೇಕಾದರೂ ಕಾಣಬಹುದು.

ಅರ್ಕಾವೊತ್ತಿನ ಜಗಳ ಇದಕ್ಕಿಂತ ಆಳವಾದುದು. ವ್ಯಂಜನದ ನೆತ್ತಿಯ ಮೇಲಿದ್ದ ರೇಫ ಕನ್ನಡ-ತೆಲುಗು ಲಿಪಿಪರಂಪರೆಯಲ್ಲಿ ಬಲಕ್ಕೆ ಜಾರಿತು. ತೆಲುಗಿನಲ್ಲಿ ಆ ವಲಪಲಗಿಲಕ ಬಹುಮಟ್ಟಿಗೆ ಬಳಕೆ ತಪ್ಪಿದೆ. ಪೂರ್ಣ ರಕಾರವನ್ನು ಬರೆದು ಮುಂದಿನ ವ್ಯಂಜನವನ್ನು ಒತ್ತಾಗಿ ಇಳಿಸುವುದೇ ಅಲ್ಲಿನ ಇಂದಿನ ರೂಢಿ. ಕನ್ನಡದಲ್ಲಿ ಎರಡೂ ಉಳಿದವು. ಅಚ್ಚಿನಲ್ಲಿ 'ಸೂರ್ಯ'ವನ್ನು ಅರ್ಕಾವೊತ್ತಿನಿಂದಲೂ ಯಕಾರದ ಒತ್ತಿನಿಂದಲೂ ಬರೆಯಬಹುದಿತ್ತು; ಅರ್ಥ ಬದಲಾಗುತ್ತಿರಲಿಲ್ಲ. ಧ್ವನಿಮಾ ವಿಜ್ಞಾನದ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಒಂದೇ ಘಟಕದ ಮುಕ್ತ ಪರ್ಯಾಯಗಳು. ಸಂಕೇತಕಾರರು ಹೀಗೆಯೇ ವಿಶ್ಲೇಷಿಸಿ ಎರಡಕ್ಕೂ ಒಂದೇ ಸಾಲನ್ನು ಕೊಟ್ಟರು, ಅರ್ಕಾವೊತ್ತನ್ನು ಸಹಜರೂಪವೆಂದು ನಿಗದಿಪಡಿಸಿದರು. ದೇಶ್ಯ ಮತ್ತು ಸಂಸ್ಕೃತ ಪದಗಳ ಮಟ್ಟಿಗೆ ಈ ವಿಶ್ಲೇಷಣೆಯಲ್ಲಿ ದೋಷವಿಲ್ಲ.

ದೋಷ ಕಾಣಿಸಿದ್ದು 'ರ‍್ಯಾಂಕ್', 'ರ‍್ಯಾಲಿ'ಗಳಲ್ಲಿ. ಆಂಗ್ಲದ 'ಬ್ಯಾಂಕ್', 'ಕ್ಯಾಮೆರಾ' ಮೊದಲಾದವುಗಳಲ್ಲಿರುವ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. 'ಮ್ಯಾಲೆ', 'ಬ್ಯಾಡ' ಎನ್ನುವ ನಮ್ಮ ಉಪಭಾಷೆಗಳಲ್ಲಿಯೂ ಇಂತಹ ಸ್ವರವಿದೆ ಎಂಬುದನ್ನು ಮರೆಯಬಾರದು. ದೇವನಾಗರಿಯು ಅರ್ಧಚಂದ್ರದ ಚಿಹ್ನೆಯೊಂದನ್ನು ಒಪ್ಪಿಕೊಂಡಿತು. ಕನ್ನಡವು ಯಕಾರದ ಒತ್ತು ಮತ್ತು ದೀರ್ಘಗಳನ್ನು ಕೂಡಿಸಿ ಕೆಲಸ ನಡೆಸಿತು. ಹೀಗಾಗಿ 'ಬ್ಯಾಂಕ್' ಎಂಬಲ್ಲಿನ ಯಕಾರದ ಒತ್ತು ವ್ಯಂಜನವಲ್ಲ, ಸ್ವರಚಿಹ್ನೆಯ ಒಂದು ಭಾಗ. ರಕಾರವು ಮೊದಲಲ್ಲಿ ಬಂದಾಗ ಮಾತ್ರ ಈ ಹೊಂದಾಣಿಕೆ ಮುರಿಯುತ್ತದೆ. ಯಂತ್ರವು ಅಲ್ಲಿ ರಕಾರ-ಯಕಾರಗಳ ಸಂಯುಕ್ತಾಕ್ಷರವನ್ನು ಕಂಡು ಅರ್ಕಾವೊತ್ತು ಹಾಕುತ್ತದೆ. ಓದುಗನಿಗೆ 'ಕಾರ್ಯಾಲಯ'ದ ತುಂಡೊಂದು ಪದದ ಮೊದಲಿಗೆ ಬಂದಂತೆ ತೋರುತ್ತದೆ. ಬಳಕೆದಾರನ ಸಿಟ್ಟಿನಲ್ಲಿ ಒಂದು ಶುದ್ಧ ಭಾಷಾವೈಜ್ಞಾನಿಕ ತೀರ್ಪು ಅಡಗಿದೆ: ಇದು ಸಂಯುಕ್ತಾಕ್ಷರವಲ್ಲ, ಗುಣಿತಾಕ್ಷರ. ಆ ತೀರ್ಪನ್ನು ಕೋಷ್ಟಕದಲ್ಲಿ ದಾಖಲಿಸುವ ಬದಲು ಕಾಣದ ಸಂಕೇತವೊಂದನ್ನು, ಝೀರೋ ವಿಡ್ತ್ ಜಾಯಿನರ್ ಎಂಬ ಶೂನ್ಯ ಅಗಲದ ಜೋಡಕವನ್ನು, ರಕಾರಕ್ಕೂ ಹಲಂತಚಿಹ್ನೆಗೂ ನಡುವೆ ಇಡಬೇಕೆಂದು ವಿಧಿಸಲಾಯಿತು. ಹಲಂತದ ನಂತರ ಅದನ್ನಿಟ್ಟ ಪಠ್ಯಗಳೂ ಬಳಕೆಯಲ್ಲಿವೆ. ಪರಿಣಾಮವಾಗಿ 'ಸೂರ್ಯ' ಎಂಬ ಒಂದೇ ಪದ ಇಂದು ಮೂರು ಸಂಕೇತಸಾಲುಗಳಲ್ಲಿ ಸಿಗುತ್ತದೆ, ಅವುಗಳಲ್ಲಿ ಎರಡು ಕಣ್ಣಿಗೆ ಒಂದೇ.

ಡಿ. ಎನ್. ಶಂಕರ ಭಟ್ಟರ ಬರಹಸುಧಾರಣೆಯ ಹಾದಿಯಲ್ಲಿ ನಡೆದವರ ಸ್ಥಿತಿ ಇಲ್ಲಿ ಗಮನಾರ್ಹ. ಮಹಾಪ್ರಾಣ, ಷಕಾರ, ಋಕಾರಗಳನ್ನು ಕೈಬಿಟ್ಟು ಉಲಿಗೆ ತಕ್ಕಂತೆ ಬರೆಯಬೇಕೆನ್ನುವ ಅವರು ಅರ್ಕಾವೊತ್ತನ್ನೂ ಬಿಟ್ಟು 'ಅರ‍್ತ', 'ವರ‍್ಶ' ಎಂದು ಬರೆಯುತ್ತಾರೆ. ಬರಹವನ್ನು ಸರಳಗೊಳಿಸಲು ಹೊರಟ ಈ ಪದ್ಧತಿ ಗಣಕದಲ್ಲಿ ಕಾಣದ ಸಂಕೇತವೊಂದರ ಆಸರೆಯಿಲ್ಲದೆ ಒಂದು ಪುಟವೂ ಮುಂದುವರಿಯಲಾರದು. ಇದನ್ನು ಅವರ ವಾದದ ದೋಷವೆಂದು ನಾವು ಎಣಿಸುವುದಿಲ್ಲ. ಕೋಷ್ಟಕವು ಯಾರ ರೂಢಿಯನ್ನು ಸಹಜವೆಂದು ಮೊದಲೇ ನಿರ್ಧರಿಸಿತೆಂಬುದಕ್ಕೆ ಇದು ಸಾಕ್ಷಿ.

ಇನ್ನು 'ಬಸ್‌ನಲ್ಲಿ'. ಹಳಗನ್ನಡದಲ್ಲಿ ಕಣ್, ಪಾಲ್, ನೀರ್ ಎಂಬ ವ್ಯಂಜನಾಂತ ಪ್ರಕೃತಿಗಳಿದ್ದವು. ಮುಂದೆ ಅವು ಉಕಾರಾಂತವಾದವು: ಹ್ರಸ್ವದ ಮುಂದೆ ದ್ವಿತ್ವ ಬಂದು ಕಣ್ಣು, ದೀರ್ಘದ ಮುಂದೆ ದ್ವಿತ್ವವಿಲ್ಲದೆ ಹಾಲು, ನೀರು. ಆಂಗ್ಲದಿಂದ ಬಂದ ಪದಗಳೂ ದೀರ್ಘಕಾಲ ಇದೇ ನಿಯಮಕ್ಕೆ ಬಾಗಿದವು. ಬಸ್ಸು, ಪೆನ್ನು, ಕಪ್ಪು ಒಂದು ಕಡೆ. ಕಾರು, ರೈಲು ಇನ್ನೊಂದು ಕಡೆ. ವಿಭಕ್ತಿಗಳೂ ಅದರಂತೆ, ಬಸ್ಸಿನಲ್ಲಿ, ಪೆನ್ನಿನಿಂದ, ಕಾರಿನಲ್ಲಿ. ಇತ್ತೀಚಿನ ದಶಕಗಳ ಪತ್ರಿಕಾಬರಹದಲ್ಲಿ ಇದರ ಪಕ್ಕದಲ್ಲಿಯೇ ಬಸ್‌ನಲ್ಲಿ, ಕಾರ್‌ನಲ್ಲಿ ಎಂಬ ರೂಪಗಳು ಬೇರೂರಿವೆ. ಪ್ರಕೃತಿಯನ್ನು ಒಗ್ಗಿಸಿಕೊಳ್ಳದೆ ಹಾಗೆಯೇ ಬಿಟ್ಟು ಪ್ರತ್ಯಯವನ್ನು ಹೊರಗಿನಿಂದ ಅಂಟಿಸುವ ಕ್ರಮವಿದು. ವ್ಯಂಜನಾಂತ ಪ್ರಕೃತಿಯು ಶತಮಾನಗಳ ಬಳಿಕ ಬೇರೆ ಬಾಗಿಲಿನಿಂದ ಕನ್ನಡಕ್ಕೆ ಮರಳಿದೆಯೆಂದರೆ ತಪ್ಪಾಗಲಾರದು.

ಮೊಳೆಯಲ್ಲಿ ಇದಕ್ಕೆ ತೊಡಕಿರಲಿಲ್ಲ. ಅರ್ಧ ಸಕಾರದ ಮೊಳೆಯ ಪಕ್ಕದಲ್ಲಿ ನಕಾರದ ಮೊಳೆ ನಿಲ್ಲುತ್ತಿತ್ತು. ಗಣಕಸಂಕೇತದ ವ್ಯಾಕರಣದಲ್ಲಿ ಹಲಂತವೆಂದರೆ ಮುಂದಿನ ವ್ಯಂಜನವನ್ನು ಒತ್ತಾಗಿಸುವ ಆಜ್ಞೆ. ಆದ್ದರಿಂದ 'ಬಸ್ನಲ್ಲಿ', 'ಕಾರ್ನಲ್ಲಿ', 'ಸಾಫ್ಟ್ವೇರ್'. ಇದನ್ನು ತಡೆಯಲು ಇನ್ನೊಂದು ಕಾಣದ ಸಂಕೇತ, ಶೂನ್ಯ ಅಗಲದ ಬೇರ್ಪಡಕ. ಅದು ಬಂದು ನಿಲ್ಲುವ ಸ್ಥಳಗಳನ್ನು ಗಮನಿಸಿದರೆ ಸ್ವಾರಸ್ಯವಾದುದೊಂದು ಕಾಣುತ್ತದೆ: ಬಸ್ ಮತ್ತು ನಲ್ಲಿ, ಸಾಫ್ಟ್ ಮತ್ತು ವೇರ್, ರಾಜ್ ಮತ್ತು ಕುಮಾರ್. ಹೆಚ್ಚಿನ ಕಡೆ ಅದು ಆಕೃತಿಮಾಗಳ ಗಡಿಯಲ್ಲಿದೆ. ತಂತ್ರಜ್ಞರು ಅಕ್ಷರದ ಆಕಾರಕ್ಕೆಂದು ಕೊಟ್ಟ ಉಪಕರಣವನ್ನು ಬರೆಯುವವರು, ತಮಗರಿವಿಲ್ಲದೆಯೇ, ಸಂಧಿಯನ್ನು ನಿರಾಕರಿಸುವ ಚಿಹ್ನೆಯಾಗಿ ಬಳಸುತ್ತಿದ್ದಾರೆ. ಹಳೆಯ ಬರಹದಲ್ಲಿ ಪದಾಂತ್ಯದ ನಕಾರಕ್ಕೆಂದೇ ಇದ್ದ ನಕಾರಪೊಲ್ಲಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2021ರಲ್ಲಿ. ವ್ಯಂಜನಾಂತ ಪದಗಳಿಗೆ ಪ್ರತ್ಯೇಕ ಲಿಪಿವ್ಯವಸ್ಥೆ ನಮ್ಮಲ್ಲಿ ಇತ್ತೆಂಬುದು ಕೋಷ್ಟಕಕ್ಕೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನು ಒತ್ತುವ ಅಭ್ಯಾಸವೂ ಇದೇ ಬಗೆಯದು, ಆದರೆ ಅದಕ್ಕೆ ವಿವರಣೆ ಸುಲಭ. ಎರಡೂ ಒಂದೇ ವೃತ್ತ. ಮೊಳೆ ಜೋಡಿಸುವವನಿಗೆ ಅವೆರಡರ ಭೇದ ಮುಖ್ಯವಾಗಿರಲಿಲ್ಲ. 'ಬ೦ದ' ಎಂಬ ಪದದ ನಡುವೆ ಅಂಕಿಯೊಂದು ಕುಳಿತಿರುವುದು ಹುಡುಕುವ ಯಂತ್ರಕ್ಕೆ ಮಾತ್ರ ಗೊತ್ತು.

ಪಠ್ಯಕೋಶಗಳನ್ನು ಆಧರಿಸಿ ಸಂಶೋಧನೆ ಮಾಡುವವರಿಗೆ ಇವೆಲ್ಲ ಕಿರಿಕಿರಿಯ ಮಟ್ಟ ಮೀರಿದ ಸಂಗತಿಗಳು. ಪದಾವರ್ತನೆಯ ಎಣಿಕೆಯಲ್ಲಿ 'ಸೂರ್ಯ' ಮೂರು ಪದವಾಗುತ್ತದೆ, 'ಬಂದ' ಎರಡಾಗುತ್ತದೆ. ಇದಕ್ಕೆ ಮದ್ದೆಂದು ಕಾಣದ ಸಂಕೇತಗಳನ್ನೆಲ್ಲ ಮೊದಲ ಹಂತದಲ್ಲಿಯೇ ಅಳಿಸಿಹಾಕುವ ಸಿದ್ಧಸೂತ್ರಗಳು ಬಳಕೆಯಲ್ಲಿವೆ. ನಾವು ಇದನ್ನು ಒಪ್ಪುವುದಿಲ್ಲ. ಅನುಸ್ವಾರದ ಸ್ಥಾನದಲ್ಲಿರುವ ಸೊನ್ನೆಯನ್ನು ನಿಶ್ಚಿಂತೆಯಿಂದ ತಿದ್ದಬಹುದು. ಜೋಡಕವನ್ನು ತೆಗೆಯುವ ಮೊದಲು ಪಠ್ಯ ಯಾರದೆಂದು ನೋಡಬೇಕು, ಏಕೆಂದರೆ ಸುಧಾರಿತ ಬರಹದವರಲ್ಲಿ ಅದು ಲೇಖಕನ ಆಯ್ಕೆ. ಬೇರ್ಪಡಕವನ್ನಂತೂ ಮುಟ್ಟಬಾರದು. 'ಬಸ್ಸಿನಲ್ಲಿ'ಯಿಂದ 'ಬಸ್‌ನಲ್ಲಿ'ಗೆ ಆಗುತ್ತಿರುವ ಪಲ್ಲಟದಲ್ಲಿ ಪ್ರಕೃತಿ ಎಲ್ಲಿ ಮುಗಿಯುತ್ತದೆಂದು ಬರೆದವರೇ ಗುರುತು ಹಾಕಿಟ್ಟಿರುವ ಏಕೈಕ ಸ್ಥಳ ಅದು. ಅಳಿಸಿದ ಮೇಲೆ ಯಾವ ವಿಶ್ಲೇಷಕವೂ ಅದನ್ನು ಖಚಿತವಾಗಿ ಮರಳಿ ಪಡೆಯಲಾರದು.