ಕನ್ನಡ ಜಾಹೀರಾತು ಅಕ್ಷರವಿನ್ಯಾಸ

ಕನ್ನಡ ಜಾಹೀರಾತು ಅಕ್ಷರವಿನ್ಯಾಸವು ನಾಮಫಲಕ, ಪತ್ರಿಕಾ ಜಾಹೀರಾತು, ಪೊಟ್ಟಣ ಹಾಗೂ ಮೊಬೈಲ್ ಪರದೆಗಳಿಗಾಗಿ ಕನ್ನಡ ಲಿಪಿಯನ್ನು ರೂಪಿಸಿ ಜೋಡಿಸುವ ದೃಶ್ಯಕಲೆ. ಕುಂಚ ಹಿಡಿದು ಬೋರ್ಡ್ ಬರೆಯುವವರ ಕಸುಬಾಗಿದ್ದ ಇದು ಡಿಟಿಪಿ (ಗಣಕದಲ್ಲಿ ಪುಟ ಜೋಡಿಸುವ ವಿಧಾನ) ಬಂದಮೇಲೆ ಗಣಕಕ್ಕೆ ಹೊರಳಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಈ ಬದಲಾವಣೆಗೆ ನೆರವಾದವು.

ಲಿಪಿಯ ರಚನೆಯೇ ಇಲ್ಲಿನ ಮುಖ್ಯ ಸವಾಲು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್‌ಗೆ ಅಳೆದ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಇಂಗ್ಲಿಷ್‌ನಲ್ಲಿ ಮುಗಿದ ವಿನ್ಯಾಸದೊಳಗೆ ಕನ್ನಡವನ್ನು ಕೊನೆಗೆ ತುರುಕಿದಾಗ ಅಕ್ಷರಗಳು ಕುಗ್ಗುತ್ತವೆ, ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಆದ್ದರಿಂದ ಕನ್ನಡವನ್ನು ಮೊದಲ ಕರಡಿನಿಂದಲೇ ಲೆಕ್ಕಕ್ಕೆ ಹಿಡಿಯುವುದು ಅಲಂಕಾರದ ಮಾತಲ್ಲ, ಓದಿಸಿಕೊಳ್ಳುವ ಅಗತ್ಯ. ಇಂಗ್ಲಿಷ್ ಅಕ್ಷರಸಂಕೇತಗಳನ್ನೇ ಬಳಸುವ ಹಳೆಯ ಆಸ್ಕಿ ಫಾಂಟುಗಳಲ್ಲಿ ವೈವಿಧ್ಯ ಹೆಚ್ಚು, ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಆಯ್ಕೆ ಕಡಿಮೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದ್ದರೂ, ಆಸ್ಕಿ ಪಠ್ಯ ಆ ಫಾಂಟ್ ಇಲ್ಲದ ಸಾಧನದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಕನ್ನಡದ ಹುಡುಕಾಟಕ್ಕೂ ಸಿಗದು. ಹೀಗಾಗಿ ಡಿಜಿಟಲ್ ಜಾಹೀರಾತಿಗೆ ಅದು ಒದಗುವುದಿಲ್ಲ. ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ದಂತಹ ಮುಕ್ತ ಪರವಾನಗಿಯ ಶೀರ್ಷಿಕೆ ಫಾಂಟುಗಳು ಯೂನಿಕೋಡ್ ಆಯ್ಕೆಗಳ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿವೆ.

ಕರ್ನಾಟಕದ 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆ ವಾಣಿಜ್ಯ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿದ್ದು, ರಾಷ್ಟ್ರೀಯ ಬ್ರಾಂಡ್‌ಗಳೂ ತಮ್ಮ ಲಾಂಛನಕ್ಕೆ ಹೊಂದುವ ಕನ್ನಡ ರೂಪವನ್ನು ಸಿದ್ಧಪಡಿಸಬೇಕಾಗಿದೆ.